ಬೀರುವಿನ ಕೆಳತುದಿ

ಮನೆ ಬದಲಿಸುವವರ ಸಾಮಾನು ಸಾಗಿಸುವ ಕಸುಬಿನಲ್ಲಿ ಎರಡೇ ಬಗೆಯ ಮನುಷ್ಯರು. ಮೇಲಿನ ತುದಿ ಹಿಡಿಯುವವರು, ಕೆಳಗಿನ ತುದಿ ಹಿಡಿಯುವವರು. ಸಮತಟ್ಟು ನೆಲದಲ್ಲಿ ಇಬ್ಬರೂ ಸರಿಸಮ. ಬೀರು ಮೆಟ್ಟಿಲು ಏರತೊಡಗಿತೋ, ಅದರ ತೂಕವೆಲ್ಲ ಮೆಲ್ಲಗೆ ಜಾರಿ ಕೆಳಗಿನವನ ಎದೆಯ ಮೇಲೆ ಬಂದು, ಕರೆಯದೆ ಬಂದ ನೆಂಟನ ಹಾಗೆ ಆರಾಮಾಗಿ ಕೂತುಬಿಡುತ್ತದೆ.

ನಮ್ಮ ಈ ಕಥೆಯವನು ಕೆಳಗಿನ ತುದಿಯವನು. ಕಸುಬಿನವರೆಲ್ಲ ಅವನನ್ನು ಕಂಬ ಎಂದೇ ಕರೆಯುತ್ತಿದ್ದರು. ಒಮ್ಮೆ ಅವನು ಒಂದು ಪಿಯಾನೋ ಹೊತ್ತು ಆರನೇ ಮಹಡಿ ಏರಿದಾಗ ಅದರ ಮೇಲೆ ಮಲಗಿದ್ದ ಬೆಕ್ಕಿಗೆ ಎಚ್ಚರವೇ ಆಗಲಿಲ್ಲವಂತೆ. ಹೊಸ ಮನೆಯಲ್ಲಿ ಕಣ್ಣು ಬಿಟ್ಟ ಬೆಕ್ಕು, ಕಿಟಕಿಯಾಚೆ ಬೇರೆಯೇ ಬೀದಿ ಕಂಡು, ತನಗೆ ತಲೆ ಕೆಟ್ಟಿದೆಯೆಂದು ತಿಳಿದು ಎರಡು ದಿನ ಹಾಲು ಬಿಟ್ಟಿತಂತೆ. ಲಿಫ್ಟುಗಳು ಅವನನ್ನು ಕಂಡರೆ ನಾಚಿಕೊಂಡು ಕೆಟ್ಟು ನಿಲ್ಲುತ್ತಿದ್ದವು ಎನ್ನುವವರೂ ಇದ್ದಾರೆ. ಅಷ್ಟನ್ನು ನಂಬದಿದ್ದರೂ ನಡೆಯುತ್ತದೆ.

ಮೇಲಿನ ತುದಿ ಹಿಡಿಯುತ್ತಿದ್ದವನು ಅವನ ಹೆಂಡತಿಯ ತಮ್ಮ, ಅಂದರೆ ಭಾಮೈದ. ಕಡ್ಡಿಯಂಥ ಮೈ, ಗಂಟೆಯಂಥ ಗಂಟಲು. ಮೇಲಿನವನಿಗೆ ಬೇಕಾದದ್ದೂ ಅದೇ. ಯಾಕೆಂದರೆ ಕೆಳಗಿನವನ ಮುಖ ಬೀರುವಿಗೆ ಒತ್ತಿಕೊಂಡಿರುತ್ತದೆ. ಅವನ ಪಾಲಿಗೆ ಜಗತ್ತು ಎಂದರೆ ಮೂಗಿಗೆ ತಾಗಿದ ವಾರ್ನಿಶು. ಮೇಲಿನವನು ಹಿಂದಕ್ಕೆ ಹೆಜ್ಜೆಯಿಡುತ್ತ, ಹೆಗಲ ಮೇಲಿಂದ ಹೊರಳಿ ನೋಡುತ್ತ, ಮೆಟ್ಟಿಲು ಬಂತು, ತಿರುವು ಬಂತು, ಎಡಕ್ಕೆ ಗೋಡೆ, ಬಲಕ್ಕೆ ಹೂಕುಂಡ ಎಂದು ಹೇಳುತ್ತಿರಬೇಕು. ಅವನು ಹೇಳಿದ್ದೇ ಕೆಳಗಿನವನ ಕಣ್ಣು. ಮೂವತ್ತು ವರ್ಷಕ್ಕೆ ಹತ್ತಿರ ಭಾಮೈದ ಹೇಳಿದ, ಕಂಬ ಕಾಲಿಟ್ಟ. ಒಂದು ಹೂಕುಂಡವೂ ಒಡೆದಿರಲಿಲ್ಲ.

ಈ ಜೋಡಿಗೆ ಇನ್ನೊಂದು ಕಟ್ಟುಪಾಡಿತ್ತು. ಎತ್ತುವ ಸಾಮಾನಿನ ಎದುರು ಭಾರ ಎಂಬ ಮಾತು ಆಡಕೂಡದು. ಭಾರ ಅಂದರೆ ಮಂಡಿಗಳು ಕೇಳಿಸಿಕೊಂಡು ಹೆದರುತ್ತವೆ, ಗಿರಾಕಿ ಕೇಳಿಸಿಕೊಂಡು ಇನ್ನಷ್ಟು ಹೆದರುತ್ತಾನೆ ಎಂಬುದು ಕಂಬನ ವಾದ. ಉಕ್ಕಿನ ತಿಜೋರಿ ಕಂಡರೂ ಅವನು ಮೂಗು ಮುರಿದು, ಇದೇನು ಮಹಾ, ಎರಡು ಬೆರಳಿನ ಕೆಲಸ ಅನ್ನುತ್ತಿದ್ದ. ಹೇಳಿ ಹೇಳಿ ಅವನ ನಾಲಿಗೆಗೆ ಆ ಪದವೇ ಮರೆತುಹೋಗಿತ್ತು.

ಇಂಥ ಬೆನ್ನು ಕೈಕೊಟ್ಟದ್ದು ತಿಜೋರಿಯ ಕೆಳಗಲ್ಲ. ಅಷ್ಟು ಮರ್ಯಾದೆಯನ್ನೂ ಅದು ಉಳಿಸಲಿಲ್ಲ. ಒಂದು ಬೆಳಿಗ್ಗೆ ನೆಲದ ಮೇಲಿದ್ದ ಕಾಲುಚೀಲ ಎತ್ತಲು ಬಗ್ಗಿದ, ಅಲ್ಲೇ ನಿಂತ. ಬಗ್ಗಿದವನು ಬಗ್ಗಿದ ಹಾಗೇ. ಸೊಂಟದಿಂದ ಹೊರಟ ಬೆಂಕಿಯ ಗೆರೆಯೊಂದು ತೊಡೆ, ಮೀನಖಂಡ ದಾಟಿ ಹೆಬ್ಬೆರಳಿಗೆ ಹೋಗಿ ಮುಟ್ಟಿತು. ಹೆಂಡತಿ ಬಂದು, ಅಲ್ಲಿ ಏನು ಹುಡುಕ್ತಿದ್ದೀರಿ ಎಂದು ಕೇಳಿದಳು. ನನ್ನನ್ನೇ ಅಂದ.

ಆಮೇಲಿನ ದಿನಗಳಲ್ಲಿ ಬೀದಿಯ ಜನರೆಲ್ಲ ರಾತ್ರೋರಾತ್ರಿ ವೈದ್ಯರಾದರು. ಎಣ್ಣೆ ತಂದವರು, ಪಟ್ಟಿ ತಂದವರು, ಮಗ್ಗುಲು ಬದಲಿಸು ಎಂದವರು, ಹಾಸಿಗೆ ಬದಲಿಸು ಎಂದವರು. ಒಬ್ಬ ಪುಣ್ಯಾತ್ಮ ಮನೆಯನ್ನೇ ಬದಲಿಸು ಅಂದ. ಸಾಗಿಸುವವರು ಯಾರು ಎಂದು ಕಂಬ ಕೇಳಿದ. ಅವನ ಮೈಗೆ ಉಜ್ಜಿದ ಎಣ್ಣೆಯಲ್ಲಿ ಒಂದು ಹಡಗು ತೇಲಿಸಬಹುದಿತ್ತು. ಬೆಂಕಿಯ ಗೆರೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ನಿಂತು ಉಂಡ, ಒರಗಿ ಉಂಡ, ಕೊನೆಗೆ ಹೊಟ್ಟೆಯ ಮೇಲೆ ಮಲಗಿ ತಟ್ಟೆ ನೆಲಕ್ಕಿಟ್ಟು ಉಂಡ. ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದವನು ಆಮೇಲೆ ಅಂಬೆಗಾಲಲ್ಲಿ ಹೋಗತೊಡಗಿದ. ಹೆಂಡತಿ ಅದನ್ನು ನೋಡದ ಹಾಗೆ ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

ಅಂತೂ ಬೆನ್ನೆಲುಬಿನ ಡಾಕ್ಟರ ಹತ್ತಿರ ಹೋದರು. ಇತ್ತ ಹೆಂಡತಿ, ಅತ್ತ ಭಾಮೈದ, ನಡುವೆ ನೀರಿಲ್ಲದ ಗಿಡದ ಹಾಗೆ ಬಾಡಿದ ಕಂಬ. ಡಾಕ್ಟರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನೆಲುಬೊಂದು ತೂಗುತ್ತಿತ್ತು. ಮಾಡಿಸಿ ತಂದಿದ್ದ ಸ್ಕ್ಯಾನು ನೋಡಿದ ಮೇಲೆ ಅವರು ಆ ಬೆನ್ನೆಲುಬು ಹಿಡಿದು ವಿವರಿಸಿದರು. ಕೆಳಗಿನ ಒಂದು ಮೂಳೆ ತನ್ನ ಜಾಗ ಬಿಟ್ಟು ಮುಂದಕ್ಕೆ ಜಾರಿದೆ, ನರವನ್ನು ಒತ್ತುತ್ತಿದೆ. ಒತ್ತಡ ಬಿಡಿಸಿ, ಜಾರಿದ ಮೂಳೆಯನ್ನೂ ಅದರ ಕೆಳಗಿನದನ್ನೂ ಸ್ಕ್ರೂ, ಸರಳು ಹಾಕಿ ಬಿಗಿದು, ನಡುವೆ ಮೂಳೆಯ ಚೂರು ತುಂಬಬೇಕು. ತಿಂಗಳುಗಟ್ಟಲೆ ಕಾದರೆ ಎರಡೂ ಬೆಸೆದು ಒಂದಾಗುತ್ತವೆ. ಜಾರುವುದಿಲ್ಲ. ಆ ಜಾಗದಲ್ಲಿ ಬಗ್ಗುವುದೂ ಇಲ್ಲ.

ಕಂಬನಿಗೆ ಇದು ಚೆನ್ನಾಗಿ ಅರ್ಥವಾಯಿತು. ಅಲುಗಾಡುವ ಮಂಚಕ್ಕೆ ಅವನೂ ಎಷ್ಟೋ ಸಲ ಹಾಗೆಯೇ ಪಟ್ಟಿ ಹೊಡೆದಿದ್ದ.

ಕೆಲಸ ಏನು ಎಂದು ಡಾಕ್ಟರು ಕೇಳಿದರು. ಮನೆ ಸಾಮಾನು ಸಾಗಿಸೋದು ಅಂದ.

“ಹಾಗಾದ್ರೆ ತುಂಬಾ ಭಾರ ಎತ್ತುತ್ತೀರಾ?”

“ಅಯ್ಯೋ, ಎಲ್ಲಿ ಬಂತು ಡಾಕ್ಟ್ರೇ,” ಎಂದಿತು ಕಂಬನ ನಾಲಿಗೆ. “ಕುರ್ಚಿ, ಪಾತ್ರೆ, ಸಣ್ಣಪುಟ್ಟದ್ದು. ಎರಡು ಬೆರಳಿನ ಕೆಲಸ.”

ಅವನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಪ್ರಶ್ನೆಗೆ ಆ ನಾಲಿಗೆಗೆ ಗೊತ್ತಿದ್ದ ಉತ್ತರ ಅದೊಂದೇ. ಹಾಗಿದ್ದರೆ ಪರವಾಗಿಲ್ಲ, ಮೂಳೆ ಕೂಡಿಕೊಂಡ ಮೇಲೆ ನಿಮ್ಮ ಕೆಲಸಕ್ಕೆ ನೀವು ಹೋಗಬಹುದು, ಹೆಚ್ಚಿನ ಭಾರ ಮಾತ್ರ ಎಂದೆಂದಿಗೂ ಬೇಡ ಅಂದರು ಡಾಕ್ಟರು. ಕಂಬ ಖುಷಿಯಾಗಿ ತಲೆಯಾಡಿಸಿದ. ಅವನ ಲೆಕ್ಕದಲ್ಲಿ ಪ್ರಪಂಚದಲ್ಲಿ ಭಾರವಾದದ್ದು ಇರಲೇ ಇಲ್ಲವಲ್ಲ. ಆಮೇಲೆ ನರ್ಸು ಇನ್ನೊಂದು ಚಿತ್ರ ತೆಗೆಸಲು ಅವನನ್ನು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋದಳು. ಹೆಂಡತಿ, ಭಾಮೈದ ಒಳಗೇ ಉಳಿದರು.

ಮನೆಗೆ ಬಂದ ಮೇಲೂ ಕಂಬ ಮನಸ್ಸು ಗಟ್ಟಿಮಾಡಿರಲಿಲ್ಲ. ಬೆನ್ನನ್ನು ಬಿಚ್ಚಿಸಿಕೊಳ್ಳುವುದೆಂದರೆ ಬೀರುವಿನ ಹಿಂದಿನ ಹಲಗೆ ಬಿಚ್ಚಿದ ಹಾಗಲ್ಲ. ಅವನಿಗೆ ಬೇಕಿದ್ದುದು ಒಂದೇ: ತಿರುಗಿ ಹೋಗಿ ತನ್ನ ತುದಿ ಹಿಡಿಯಬೇಕು. ಅದು ಆಗುವುದಾದರೆ ಚಾಕು, ಸ್ಕ್ರೂ, ಸುತ್ತಿಗೆ ಏನು ಬೇಕಾದರೂ ಬರಲಿ. ಆಗದಿದ್ದರೆ ಅಂಬೆಗಾಲೇ ಸಾಕು, ಅಂಬೆಗಾಲಿಗೆ ನಾಳೆ ಗುಣವಾಗುವ ಆಸೆಯಾದರೂ ಇರುತ್ತದೆ. ಇದನ್ನು ಅವನು ಇಬ್ಬರಿಗೂ ಬಿಡಿಸಿ ಹೇಳಿದ. ಹೇಳಿ ಭಾಮೈದನನ್ನು ನೇರವಾಗಿ ಕೇಳಿದ, ನಾನು ಮತ್ತೆ ಹಿಡಿಯಬಲ್ಲೆನಾ ಎಂದು.

ಭಾಮೈದ ಬಾಗಿಲ ಚಿಲಕವನ್ನು ಹಿಂದೆಮುಂದೆ ಆಡಿಸುತ್ತ, “ನಿನ್ನ ತುದಿ ಎಲ್ಲಿಗ್ ಹೋಗತ್ತೆ ಭಾವ? ನಾನಿಲ್ವಾ,” ಅಂದ.

ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು. ನಾನಿಲ್ಲದಾಗ ಡಾಕ್ಟರು ಬೇರೆ ಏನಾದರೂ ಹೇಳಿದರಾ ಎಂದು ಕಂಬ ಕೇಳಿದ.

“ಇಲ್ಲ,” ಅಂದಳು. ಅಂಗಿಯ ತೋಳನ್ನು ಒಳಕ್ಕೆ ಮಡಿಸಿ, ಅಂಗೈಯಿಂದ ಇಸ್ತ್ರಿ ಮಾಡಿದ ಹಾಗೆ ತೀಡಿದಳು. “ಮಾಡಿಸ್ಕೊಳಿ.”

ಮಾಡಿಸಿಕೊಂಡ.

ಎಚ್ಚರವಾದಾಗ ಅವನಿಗೆ ಮೊದಲು ಅನಿಸಿದ್ದು, ಯಾರೋ ತನ್ನ ಮೇಲೆ ಅಡುಗೆಮನೆಯ ಸಮೇತ ಇಡೀ ಮನೆ ಸಾಗಿಸಿ ಇಟ್ಟಿದ್ದಾರೆ ಎಂದು. ಎರಡನೆಯದು, ಬೆಂಕಿಯ ಗೆರೆ ಇಲ್ಲ ಎಂದು. ಹೆಬ್ಬೆರಳು ಆಡಿಸಿದ. ಇಲ್ಲ. ತೊಡೆ ಬಿಗಿದ. ಇಲ್ಲ. ಬೆನ್ನಿನ ಗಾಯ ಕಿರುಚುತ್ತಿದ್ದರೂ ಕಾಲು ತಣ್ಣಗೆ, ಹೊಳೆಯಲ್ಲಿ ಇಳಿಬಿಟ್ಟ ಹಾಗಿತ್ತು. ಕಂಬ ಮಲಗಿದಲ್ಲೇ ಅತ್ತ. ಪಕ್ಕದ ಹಾಸಿಗೆಯವನು ನೋವೆಂದು ತಿಳಿದು ನರ್ಸನ್ನು ಕೂಗಿದ.

ಆಮೇಲೆ ಶುರುವಾಯಿತು ಎರಡನೇ ಬಾಲ್ಯ. ನಡಿಗೆ ಕಲಿಸುವ ಟೀಚರಮ್ಮ ಒಬ್ಬಳು ಬಂದಳು. ಅವನಿಗೆ ಮಗಳಾಗುವಷ್ಟು ವಯಸ್ಸು, ಹೆಡ್‌ಮೇಷ್ಟರ ಹುಬ್ಬು. ಮಗ್ಗುಲಾಗುವಾಗ ಹೆಗಲು, ಸೊಂಟ ಒಟ್ಟಿಗೆ ಹೊರಳಬೇಕು, ಮರದ ದಿಮ್ಮಿಯ ಹಾಗೆ. ಬಗ್ಗಬಾರದು, ತಿರುಚಬಾರದು, ಎತ್ತಬಾರದು. ಸೊಂಟಕ್ಕೆ ಪಟ್ಟಿ, ಕೈಗೆ ನಾಲ್ಕು ಕಾಲಿನ ಆಸರೆ. ಮೊದಲ ದಿನ ಹಾಸಿಗೆಯಿಂದ ಬಾಗಿಲವರೆಗೆ ಹೋದದ್ದು ಒಂದು ತೀರ್ಥಯಾತ್ರೆಯಷ್ಟು ದೂರವಾಯಿತು. ಮನೆಗೆ ಬಂದ ಮೇಲೆ ಕೈಯಿಂದ ಏನಾದರೂ ಬಿದ್ದರೆ ಉದ್ದದ ಇಕ್ಕಳದ ಕೋಲಿನಲ್ಲಿ ಹೆಕ್ಕುತ್ತಿದ್ದ. ಬಚ್ಚಲಿನ ಪೀಠ ಎತ್ತರಿಸಿದ್ದರು, ಸಿಂಹಾಸನ ಅನ್ನುತ್ತಿದ್ದ. ಮಹಾರಾಜ ಇನ್ನೂ ಇಳಿದಿಲ್ಲವಾ ಎಂದು ಹೆಂಡತಿ ಹೊರಗಿನಿಂದ ಕೇಳುತ್ತಿದ್ದಳು. ಅವಳು ಅವನಿಗೆ ಚಪ್ಪಲಿ ತೊಡಿಸಿದಳು, ಬೆನ್ನು ಒರೆಸಿದಳು, ರಾತ್ರಿ ಅವನು ಹೊರಳಬೇಕೆಂದಾಗೆಲ್ಲ ಎದ್ದಳು. ಆ ತಿಂಗಳುಗಳಲ್ಲಿ ಅವರಿಬ್ಬರೂ ನಕ್ಕಷ್ಟು ಮದುವೆಯಾದ ಹೊಸತರಲ್ಲೂ ನಕ್ಕಿರಲಿಲ್ಲ.

ದಿನಾ ಸಂಜೆ ಕಂಬ ಬೀದಿಯಲ್ಲಿ ನಡೆಯುತ್ತಿದ್ದ. ಮೊದಲು ಪಕ್ಕದ ಗೇಟು, ಆಮೇಲೆ ಮೂಲೆಯ ಅಂಗಡಿ, ಆಮೇಲೆ ಶಾಲೆಯ ಮೈದಾನ. ನಡೆಯುತ್ತ ಮನಸ್ಸಿನಲ್ಲೇ ಬೀರುಗಳನ್ನು ಏರಿಸುತ್ತಿದ್ದ. ಸಣ್ಣ ಬೀರುವಿನಿಂದ ಶುರುಮಾಡಬೇಕು, ಪಿಯಾನೋ ಸ್ವಲ್ಪ ನಿಧಾನಕ್ಕೆ.

ಹೀಗಿರಲು ಹೊಸ ಎಕ್ಸ್‌ರೇಯಲ್ಲಿ ಮೂಳೆಗಳು ಬೆಸೆದುಕೊಂಡದ್ದು ಕಂಡಿತು. ಟೀಚರಮ್ಮ ಅವತ್ತು ಆಸ್ಪತ್ರೆಯಲ್ಲಿ ಸಾಮಾನು ಎತ್ತುವ ಪಾಠ ಹಿಡಿದಳು. ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು, ತರಕಾರಿಯಷ್ಟೇ ತೂಕದ ಒಂದು ಚೀಲ. ಕಂಬ ಅದನ್ನು ಎತ್ತಿ ಇಳಿಸಿ, “ಆಯ್ತು ಟೀಚರಮ್ಮ, ಬೀರು ಯಾವಾಗ?” ಅಂದ.

ಅವಳು ನಕ್ಕಳು. ಅವನು ನಗಲಿಲ್ಲ. ಅವಳ ನಗು ಹುಬ್ಬಿನವರೆಗೆ ಹೋಗಿ ಅಲ್ಲೇ ನಿಂತಿತು.

“ನಿಮ್ಮನೆಯವ್ರು ಹೇಳಿಲ್ವಾ?”

“ಏನನ್ನ?”

ಅವಳು ಎದುರಿನ ಸ್ಟೂಲಿನ ಮೇಲೆ ಕೂತು ಹೇಳಿದಳು. ಮೊದಲ ದಿನವೇ ಅವನು ಎಕ್ಸ್‌ರೇಗೆ ಹೋಗಿದ್ದಾಗ ಹೆಂಡತಿ ಡಾಕ್ಟರಿಗೆ ನಿಜವಾದ ಕೆಲಸ ತಿಳಿಸಿದ್ದಳು. ಬೀರು, ತಿಜೋರಿ, ಪಿಯಾನೋ ಎಲ್ಲ. ಹಾಗಾದರೆ ಶಸ್ತ್ರಚಿಕಿತ್ಸೆಯಾದ ಮೇಲೆ ಆ ಕೆಲಸ ಮುಗಿದ ಹಾಗೇ, ಅವರನ್ನು ಕರೆಯಿರಿ ನಾನೇ ಹೇಳುತ್ತೇನೆ ಅಂದಿದ್ದರು ಡಾಕ್ಟರು. ಬೇಡ, ಗಾಬರಿಯಾಗುತ್ತಾರೆ, ಮನೆಯಲ್ಲಿ ಮೆತ್ತಗೆ ನಾವೇ ಹೇಳುತ್ತೇವೆ ಅಂದಿದ್ದಳಂತೆ ಅವಳು. ಭಾಮೈದ ಪಕ್ಕದಲ್ಲೇ ಇದ್ದನಂತೆ. ಡಾಕ್ಟರು ಇದನ್ನು ಟೀಚರಮ್ಮನಿಗೆ ತಿಳಿಸಿದ್ದರು. ಇವನಿಗೆ ಎಲ್ಲ ಗೊತ್ತಿದೆಯೆಂದೇ ಅವಳು ಇಷ್ಟು ದಿನ ಕಲಿಸಿದ್ದಳು.

ಕಂಬ ಥ್ಯಾಂಕ್ಸ್ ಹೇಳಿದ. ಚೀಲವನ್ನು ಮಂಡಿ ಮಡಿಸಿಯೇ ಬದಿಗಿಟ್ಟ. ಹೊರಗೆ ಬಂದವನು ಮನೆಗೆ ಹೋಗಲಿಲ್ಲ. ಅವತ್ತು ಭಾಮೈದನ ಕೆಲಸ ಎಲ್ಲಿ ಎಂದು ಅವನಿಗೆ ಗೊತ್ತಿತ್ತು, ಎರಡು ಬೀದಿ ಆಚೆ.

ಹಳೆಯ ಕಟ್ಟಡ, ಇಕ್ಕಟ್ಟಿನ ಮೆಟ್ಟಿಲು. ಎರಡು ಬಾಗಿಲಿನ ಬೀರು ಏರುತ್ತಿತ್ತು. ಮೇಲೆ ಭಾಮೈದ, ಕೆಳಗೆ ಗೂಳಿ ಕತ್ತಿನ ಅಪರಿಚಿತನೊಬ್ಬ, ಮುಖ ಬೀರುವಿಗೆ ಒತ್ತಿಕೊಂಡು. “ತಿರುವು ಬಂತು ಕಂಬ, ಸ್ವಲ್ಪ ಎಡಕ್ಕೆ,” ಎಂದು ಭಾಮೈದ ಹೇಳುತ್ತಿದ್ದ.

ಕೆಳಗಿನ ಬಾಗಿಲಲ್ಲಿ ನಿಂತ ಭಾವನನ್ನು ಅವನು ಆಗ ಕಂಡ. ಮುಂದಿನ ಮೆಟ್ಟಿಲು ಹೇಳುವುದನ್ನೇ ಮರೆತ. ಹೇಳುವವನು ಸುಮ್ಮನಾದರೆ ಕೆಳಗಿನವನು ನಿಲ್ಲಬೇಕು. ಗೂಳಿ ಕತ್ತಿನವನು ಬೀರುವನ್ನು ಎದೆಗವಚಿಕೊಂಡು ನಿಂತ. ಪಾಪ, ಅವನಿಗೆ ಏನೂ ಕಾಣುತ್ತಿರಲಿಲ್ಲ.

“ಮೊದ್ಲು ಅವನಿಗೆ ದಾರಿ ಹೇಳೋ,” ಅಂದ ಕಂಬ.

ಬೀರು ಮೇಲೆ ತಲುಪಿತು. ಭಾಮೈದ ಇಳಿದು ಬಂದು, ಒರೆಸಿದ ಹಣೆಯನ್ನೇ ಮತ್ತೆ ಮತ್ತೆ ಒರೆಸುತ್ತ, ಅಕ್ಕ ಹೇಳಬೇಡ ಅಂದಳು ಅಂದ. ಕೊನೆಯ ವರ್ಷ ಕೆಳಗಿನಿಂದ ನಿನ್ನ ಉಸಿರು ಕೇಳಿ ಕೇಳಿ ನನಗೇ ಹೆದರಿಕೆಯಾಗಿತ್ತು, ಒಂದು ದಿನ ಬೀರು, ನೀನು ಒಟ್ಟಿಗೆ ಉರುಳಿಹೋಗುತ್ತೀರಿ ಅಂತ ಅನಿಸುತ್ತಿತ್ತು ಅಂದ. ಬಾಯಿಗೆ ರೂಢಿಯಾಗಿದೆ, ಕೆಳಗೆ ಯಾರೇ ಇದ್ದರೂ ಅದೇ ಹೆಸರು ಬರುತ್ತೆ ಅಂದ. ವ್ಯಾನಿನಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುವ ಕೆಲಸ ನಿನಗೇ ಇಟ್ಟಿದ್ದೇನೆ ಅಂತಲೂ ಅಂದ.

ಕಂಬ ಎಲ್ಲ ಕೇಳಿಸಿಕೊಂಡ. “ಇಷ್ಟು ವರ್ಷ ಹೂಕುಂಡ ಬಿಡದೆ ಹೇಳ್ದೆ,” ಅಂದ. “ಇದೊಂದು ಹೇಳ್ಲಿಲ್ಲ.”

ಮನೆಯಲ್ಲಿ ಹೆಂಡತಿ ಅವನ ಮುಖ ನೋಡಿದವಳೇ ಒಲೆ ಆರಿಸಿದಳು. ಯಾರು ಹೇಳಿದರು ಎಂದಷ್ಟೇ ಕೇಳಿದಳು. ಅವನು ಹೇಳಿದ.

“ಹೇಳಿದ್ರೆ ನಾನು ಬೇಡ ಅಂತಿದ್ದೆ.”

“ಗೊತ್ತು. ಅದಕ್ಕೇ ಹೇಳ್ಲಿಲ್ಲ.”

“ಬೇಡ ಅನ್ನೋಕೆ ಬೆನ್ನು ನಂದಲ್ವಾ?”

“ಬಚ್ಚಲಿಗೆ ಅಂಬೆಗಾಲಲ್ಲಿ ಹೋಗ್ತಿದ್ರಿ. ನೋಡ್ತಿದ್ದೋಳು ನಾನಲ್ವಾ?”

ಅದು ನಿಜವಾದ್ದರಿಂದಲೇ ಅವನ ಸಿಟ್ಟು ಇನ್ನೂ ಏರಿತು. ಮೋಸ ಮಾಡಿದವರು ಕೆಟ್ಟದ್ದು ಮಾಡಿದ್ದರೆ ಜಗಳಕ್ಕೆ ಒಂದು ಹಿಡಿಕೆ ಸಿಗುತ್ತದೆ. ಒಳ್ಳೆಯದು ಮಾಡಿಟ್ಟರೆ ಹಿಡಿಯುವುದು ಎಲ್ಲಿ? ಬೆಳಿಗ್ಗೆ ಎದ್ದರೆ ನೋವಿಲ್ಲ. ಊಟಕ್ಕೆ ಕೂತರೆ ನೋವಿಲ್ಲ. ಚೆನ್ನಾಗಿ ನಿದ್ದೆ ಬರುತ್ತಿತ್ತು, ಅದೇ ದೊಡ್ಡ ಅವಮಾನ. ಒಂದು ದಿನವಾದರೂ ಕಾಲು ಸ್ವಲ್ಪ ಉರಿದಿದ್ದರೆ ಇಬ್ಬರ ಮುಖಕ್ಕೂ ಹಿಡಿದು ತೋರಿಸಬಹುದಿತ್ತು. ಆ ಹಾಳು ಕಾಲು ಕೂಡ ಅವರ ಪಕ್ಷ ಸೇರಿತ್ತು. ಆ ಮನೆಯಲ್ಲಿ ಮಾತು ನಿಂತದ್ದು ಎಷ್ಟರಮಟ್ಟಿಗೆಂದರೆ, ಪಕ್ಕದ ಮನೆಯವರು ಇವರು ಊರಿಗೆ ಹೋಗಿದ್ದಾರೆಂದು ತಿಳಿದು ಗಿಡಗಳಿಗೆ ನೀರು ಹಾಕಿದರು.

ಹೆಂಡತಿಯ ಜೊತೆ ನಕ್ಕ ಆ ತಿಂಗಳುಗಳು ಅವನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದವು. ಚಪ್ಪಲಿ ತೊಡಿಸುವಾಗಲೂ ಅವಳಿಗೆ ಗೊತ್ತಿತ್ತು. ಇನ್ನೊಂದೆರಡು ತಿಂಗಳಲ್ಲಿ ಪಿಯಾನೋ ಎತ್ತಿ ತೋರಿಸುತ್ತೇನೆ ಎಂದು ಇವನು ಜಂಬ ಕೊಚ್ಚಿದಾಗ ಅವಳು ನಕ್ಕಿದ್ದಳಲ್ಲ, ಆಗಲೂ ಗೊತ್ತಿತ್ತು.

ಮುಂದಿನ ತಪಾಸಣೆಗೆ ಅವನು ಯಾರಿಗೂ ಹೇಳದೆ ಒಬ್ಬನೇ ಬಸ್ಸು ಹತ್ತಿದ. ಡಾಕ್ಟರ ಎದುರು ಕೂತು, ತಾನು ಜೀವಮಾನವಿಡೀ ಹೊತ್ತದ್ದೇನು ಎಂದು ಮೊದಲ ಬಾರಿಗೆ ಉಪ್ಪು ಖಾರ ಹಚ್ಚದೆ ಹೇಳಿದ. ನಂಬುವಂತೆ ಹೇಳಿದ್ದರಿಂದ ಅವನಿಗೇ ಸಪ್ಪೆ ಅನಿಸಿತು. ಆಮೇಲೆ ಕೇಳಿದ: ಇದನ್ನೇ ನಾನು ಅವತ್ತು ಹೇಳಿದ್ದರೆ ನೀವೇನು ಹೇಳುತ್ತಿದ್ದಿರಿ?

ಡಾಕ್ಟರು ಪೆನ್ನು ಕೆಳಗಿಟ್ಟರು. ಎರಡು ದಾರಿ ಹೇಳುತ್ತಿದ್ದೆ ಅಂದರು. ಒಂದು, ಈಗ ಮಾಡಿಸಿಕೊಂಡದ್ದು. ಇನ್ನೊಂದು, ಔಷಧಿ, ಇಂಜೆಕ್ಷನ್, ವ್ಯಾಯಾಮ ಮಾಡಿಕೊಂಡು ಇನ್ನಷ್ಟು ಕಾಲ ಕಾದು ನೋಡುವುದು. ಕೆಲವರಿಗೆ ಅದರಲ್ಲೇ ಎಷ್ಟೋ ಹಗುರಾಗುತ್ತದೆ, ಕೆಲವರಿಗೆ ಇಲ್ಲ. ಬೀರು ಎತ್ತುವುದು ಆಗಲೂ ಕಷ್ಟವೇ ಇತ್ತು.

“ಆದ್ರೆ ಯಾವ ದಾರಿ ಅನ್ನೋದನ್ನ ನೀವೇ ಆರಿಸ್ಬೇಕಿತ್ತು,” ಅಂದರು. “ನಿಮ್ಮನ್ನ ಒಳಗೆ ಕರೆದು ನಾನೇ ಹೇಳ್ಬೇಕಿತ್ತು. ಅದು ನನ್ನ ತಪ್ಪು.”

ಒಟ್ಟಿನಲ್ಲಿ ತಪ್ಪೊಪ್ಪಿಕೊಂಡವರು ಒಬ್ಬರಾದರೂ ಸಿಕ್ಕರು. ಅದೂ ಪರರು.

ಹೊರಗೆ ಬಂದರೆ ಗೇಟಿನ ಎದುರು ವ್ಯಾನು ನಿಂತಿತ್ತು. ಎಲ್ಲಿಗೆ ಹೋಗಿರಬಹುದೆಂದು ಹೇಗೋ ಊಹಿಸಿ ಅಕ್ಕ ತಮ್ಮ ಇಬ್ಬರೂ ಬಂದಿದ್ದರು. ಭಾಮೈದ ಸ್ಟಿಯರಿಂಗಿನ ಮುಂದೆ, ಅವಳು ಪಕ್ಕಕ್ಕೆ ಸರಿದು ಕಿಟಕಿಯ ಜಾಗ ಬಿಟ್ಟುಕೊಟ್ಟು. ಕಂಬ ವ್ಯಾನಿನ ತೆರೆದ ಬಾಗಿಲಿನ ಮುಂದಿನಿಂದಲೇ ಹಾದುಹೋದ.

ವ್ಯಾನು ಅವನ ಹಿಂದೆಯೇ ಆಮೆಯ ಹಾಗೆ ಹೊರಟಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳು. ಹಾರನ್ನುಗಳ ಗದ್ದಲ ನೋಡಿದರೆ ಯಾರೋ ಮಂತ್ರಿಯ ಮೆರವಣಿಗೆ ಅನ್ನಬೇಕು. ಕಂಬ ತಿರುಗಿ ನೋಡಲಿಲ್ಲ. ಬೆಸೆದ ಬೆನ್ನಿನವನು ಹಿಂದೆ ನೋಡಬೇಕೆಂದರೆ ನಿಂತು ಇಡೀ ಮೈ ತಿರುಗಿಸಬೇಕು. ಅಷ್ಟು ಶ್ರಮ ಅವರಿಗಾಗಿ ಪಡಲು ಅವನಿಗೆ ಮನಸ್ಸಿರಲಿಲ್ಲ.

ವ್ಯಾನಿನ ಬಾಗಿಲು ಬಡಿದ ಸದ್ದಾಯಿತು. ಅವಳು ಓಡುನಡಿಗೆಯಲ್ಲಿ ಬಂದು ಪಕ್ಕಕ್ಕೆ ಸೇರಿಕೊಂಡಳು. ಇಬ್ಬರೂ ಒಂದಷ್ಟು ದೂರ ನಡೆದರು.

“ನಂಗೆ ಹೇಳ್ದೆ ಇರೋದು ಇನ್ನೇನಾದ್ರೂ ಇದ್ಯಾ?” ಎಂದು ಅವನು ಮುಂದೆ ನೋಡುತ್ತಲೇ ಕೇಳಿದ.

ಅವಳು ಏದುಸಿರು ತಹಬಂದಿಗೆ ತಂದುಕೊಂಡಳು. “ಇದೆ. ನಾಳೆ ಮತ್ತೆ ಹಂಗೇ ಆದ್ರೆ, ಮತ್ತೆ ಹಂಗೇ ಮಾಡ್ತೀನಿ.”

“ಅವತ್ತೇ ಕೂತು ಹೇಳಿದ್ದಿದ್ರೆ, ನಿನ್ನ ಬೈದಾದ್ರೂ ಒಪ್ಕೊಂಡಿರ್ತಿದ್ದೆನೋ ಏನೋ.”

“ಆ ಏನೋ ನಂಬ್ಕೊಂಡು ಕೂರೋ ಧೈರ್ಯ ನಂಗಿರ್ಲಿಲ್ಲ.”

ಕ್ಷಮೆಯನ್ನು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಕೊಡುತ್ತಲೂ ಇರಲಿಲ್ಲ. ದೊಡ್ಡ ರಸ್ತೆ ಬಂತು. ದಾಟುವಾಗ ಇಷ್ಟು ತಿಂಗಳ ರೂಢಿಯಂತೆ ಅವಳ ಕೈ ಅವನ ಮೊಣಕೈಗೆ ಹೋಯಿತು. ಅವನು ಮೊಣಕೈಯನ್ನು ಮೆತ್ತಗೆ, ಗಾಜಿನ ಸಾಮಾನು ಬಿಡಿಸಿಕೊಂಡ ಹಾಗೆ ಬಿಡಿಸಿಕೊಂಡು ರಸ್ತೆಗಿಳಿದ. ಚೂರೂ ನೋಯದ ಕಾಲುಗಳು ಅವನನ್ನು ಸಲೀಸಾಗಿ ಆಚೆ ದಾಟಿಸಿದವು. ಅಷ್ಟರಲ್ಲಿ ಬಸ್ಸೊಂದು ನುಗ್ಗಿತು, ಅದರ ಹಿಂದೆ ಇನ್ನೊಂದು; ಅವಳು ಈಚೆಯೇ ಉಳಿದಳು.

ಆಚೆಯ ಕಟ್ಟೆಯ ಮೇಲೆ ಕಂಬ ನಿಂತುಕೊಂಡ. ಅವಳಿಗಾಗಿ ಕಾದನೋ, ಸುಮ್ಮನೆ ನಿಂತನೋ, ಕೇಳಿದ್ದರೆ ಅವನೂ ಹೇಳುತ್ತಿರಲಿಲ್ಲ.